ಅಶ್ಲೀಲವೋ ಅಲ್ಲವೋ? ಮೊದಲು ಊರು ಹೇಳಿ

ಅಮೆರಿಕದಲ್ಲಿ ಒಂದು ಊರಿನ ಅಂಗಡಿಯಲ್ಲಿ ರಾಜಾರೋಷವಾಗಿ ಬಿಕರಿಯಾಗುವ ವಯಸ್ಕರ ಸರಕಿಗೆ ಇನ್ನೊಂದು ಊರಿನಲ್ಲಿ ಜೈಲುವಾಸ ಕಾದಿರಬಹುದು. ಎರಡೂ ಕಡೆ ಇರುವುದು ಒಂದೇ ಸಂವಿಧಾನ.

ಸುಲಭವಾಗಿ ಕೆಡುವ ಮನಸ್ಸನ್ನು ಕೆಡಿಸುವಂಥ ಒಂದು ಭಾಗವಿದ್ದರೂ ಕೃತಿ ಅಶ್ಲೀಲ ಎನ್ನುವ ಇಂಗ್ಲೆಂಡಿನ 1868ರ ಹಿಕ್ಲಿನ್ ಸೂತ್ರವನ್ನು ದಶಕಗಟ್ಟಲೆ ನೆಚ್ಚಿಕೊಂಡಿದ್ದ ಅಮೆರಿಕ, 1957ರ ರಾತ್ ತೀರ್ಪಿನಲ್ಲಿ ‘ಸಮುದಾಯದ ಮಾನದಂಡ’ಕ್ಕೆ ಹೊರಳಿತು. ಸಮುದಾಯ ಎಂದರೆ ಇಡೀ ದೇಶವೋ, ಊರೋ? 1973ರಲ್ಲಿ ಮಿಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಇಡೀ ದೇಶಕ್ಕೆ ಒಂದೇ ಅಳತೆ ಬೇಕಿಲ್ಲ ಎಂದಿತು. ಲಾಸ್ ವೇಗಸ್‌ನಲ್ಲಿ ನಡೆಯುವುದನ್ನು ಮಿಸಿಸಿಪ್ಪಿಯವರು ಸಹಿಸಲೇಬೇಕೆಂದಿಲ್ಲ ಎಂಬುದು ಅದರ ವಾದ. ಕೃತಿ ಕಾಮೋದ್ರೇಕಕ್ಕೆಂದೇ ಇದೆಯೇ, ಲೈಂಗಿಕ ಕ್ರಿಯೆಯನ್ನು ಎದ್ದುಕಾಣುವಂತೆ ಅಸಹ್ಯವಾಗಿ ತೋರಿಸಿದೆಯೇ ಎಂಬೆರಡನ್ನು ಸ್ಥಳೀಯ ಜ್ಯೂರಿ (ತೀರ್ಪು ಕೊಡಲು ಆರಿಸಿದ ಸಾಮಾನ್ಯ ನಾಗರಿಕರ ತಂಡ) ತನ್ನೂರಿನ ಕಣ್ಣಿನಿಂದ ನೋಡುತ್ತದೆ. ಗಂಭೀರ ಸಾಹಿತ್ಯಕ, ಕಲಾತ್ಮಕ, ರಾಜಕೀಯ ಅಥವಾ ವೈಜ್ಞಾನಿಕ ಮೌಲ್ಯ ಇಲ್ಲವೇ ಎಂಬ ಮೂರನೆಯದಕ್ಕೆ ಊರಿನ ಅಳತೆ ಸಲ್ಲದು ಎಂದು 1987ರಲ್ಲಿ ಖಚಿತವಾಯಿತು. ಮೂರೂ ಸಾಬೀತಾದರಷ್ಟೇ ಶಿಕ್ಷೆ.

ಒಂದೊಂದು ಪುಸ್ತಕ, ಒಂದೊಂದು ಸಿನಿಮಾ ರೀಲಿಗೂ ಇದನ್ನೆಲ್ಲ ಸಾಬೀತುಪಡಿಸುತ್ತ ಕೂರುವುದು ನಗರಸಭೆಗಳಿಗೆ ದುಬಾರಿ. ಹಾಗಾಗಿ ‘ಏನು ಮಾರುತ್ತೀರಿ’ ಎಂಬ ಪ್ರಶ್ನೆ ಬಿಟ್ಟು ‘ಎಲ್ಲಿ ಮಾರುತ್ತೀರಿ’ ಎಂದು ಹಿಡಿದುಕೊಂಡವು. ಇಂಥ ಎರಡು ವಹಿವಾಟುಗಳು ಆಗಲೇ ಇದ್ದರೆ ಅವುಗಳ 1,000 ಅಡಿಯೊಳಗೆ ಮೂರನೆಯದು ಬೇಡ, ವಸತಿ ಪ್ರದೇಶದ 500 ಅಡಿಯೊಳಗೂ ಬೇಡ ಎಂದಿತು ಡೆಟ್ರಾಯಿಟ್. ಅದಕ್ಕೆ 1976ರಲ್ಲಿ ಕೋರ್ಟಿನ ಒಪ್ಪಿಗೆ ಸಿಕ್ಕಿತು. ವಾಷಿಂಗ್ಟನ್ ರಾಜ್ಯದ ರೆಂಟನ್ ಪಟ್ಟಣ ವಯಸ್ಕರ ಚಿತ್ರಗಳ ಥಿಯೇಟರುಗಳಿಗೆ ಮನೆ, ಚರ್ಚು, ಪಾರ್ಕು, ಶಾಲೆಗಳಿಂದ 1,000 ಅಡಿ ದೂರ ಕಡ್ಡಾಯ ಮಾಡಿತು. ಉಳಿದದ್ದು 520 ಎಕರೆ, ಊರಿನ ಶೇ 5ಕ್ಕಿಂತ ತುಸು ಹೆಚ್ಚು. ಅದರಲ್ಲಿ ಬಹುಪಾಲು ಆಗಲೇ ಬೇರೆಯವರ ಕೈಯಲ್ಲಿದೆ, ಮಾರಾಟಕ್ಕಿಲ್ಲ ಎಂದು ಥಿಯೇಟರಿನವರು ಗೋಗರೆದರೆ, ಜಾಗ ಹುಡುಕಿಕೊಳ್ಳುವುದು ನಿಮ್ಮ ಪಾಡು ಎಂದು 1986ರ ತೀರ್ಪು ಕೈತೊಳೆದುಕೊಂಡಿತು. ಇಂಥ ಥಿಯೇಟರುಗಳಿಂದ ಅಪರಾಧ ಹೆಚ್ಚುತ್ತದೆ, ಆಸ್ತಿ ಬೆಲೆ ಕುಸಿಯುತ್ತದೆ ಎಂಬುದಕ್ಕೆ ರೆಂಟನ್ ಸ್ವಂತ ಅಧ್ಯಯನವನ್ನೂ ಮಾಡಿರಲಿಲ್ಲ. ನೆರೆಯ ಸಿಯಾಟಲ್ ನಗರದ ಅನುಭವವೇ ಸಾಕಾಯಿತು.

ನಿಯಮ ಹೇಗೋ ಅಂಗಡಿಯೂ ಹಾಗೆ. ನ್ಯೂಯಾರ್ಕ್ ತನ್ನ 1995ರ ನಿಯಮದಡಿ ಜಾಗ ಅಥವಾ ದಾಸ್ತಾನಿನ ಶೇ 40 ‘ಅಂಥದ್ದು’ ಇದ್ದರೆ ವಯಸ್ಕರ ಅಂಗಡಿ ಎಂದು ಲೆಕ್ಕ ಹಾಕಿತು. ಉಳಿದ ಶೇ 60ಕ್ಕೆ ಯಾರೂ ಕೊಳ್ಳದ ಕುಂಗ್‌ಫೂ ಕ್ಯಾಸೆಟ್ಟು ಜೋಡಿಸಿಟ್ಟು ಅಂಗಡಿಗಳು ನಿರಾಳವಾದವು. 2001ರಲ್ಲಿ ನಗರ ನಿಯಮವನ್ನು ಬಿಗಿ ಮಾಡಿತು. ಆ ತಿದ್ದುಪಡಿಯನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯ ಎತ್ತಿಹಿಡಿದದ್ದು 2017ರಲ್ಲಿ.

ಅಷ್ಟರಲ್ಲಿ ಸರಕೇ ಊರು ಬಿಟ್ಟಿತ್ತು. ಕ್ಯಾಲಿಫೋರ್ನಿಯಾದ ಕಂಪ್ಯೂಟರಿನಿಂದ ಟೆನೆಸಿಯ ಮೆಂಫಿಸ್‌ನಲ್ಲಿ ಇಳಿಸಿಕೊಂಡ ಚಿತ್ರಗಳಿಗೆ ಮೆಂಫಿಸ್‌ನ ಜ್ಯೂರಿಯೇ ತೀರ್ಪು ಕೊಟ್ಟಿತು; 1996ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಖಾಯಂ ಮಾಡಿತು. ಎಲ್ಲಿ ಮೊಕದ್ದಮೆ ಹೂಡಬೇಕೆಂಬ ಆಯ್ಕೆ ಸರ್ಕಾರದ ಕೈಗೆ ಬಂದಂತಾಯಿತು. ಇಂಟರ್ನೆಟ್ಟಿಗೆ ರಾಷ್ಟ್ರೀಯ ಅಳತೆ ಬೇಕೆಂದು 2009ರಲ್ಲಿ ಒಂದು ಮೇಲ್ಮನವಿ ಕೋರ್ಟ್ ಹೇಳಿದರೆ, ಮರುವರ್ಷವೇ ಇನ್ನೊಂದು ಒಪ್ಪಲಿಲ್ಲ.

ನಮ್ಮ ಸುಪ್ರೀಂ ಕೋರ್ಟ್ 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹಿಕ್ಲಿನ್ ಬಿಟ್ಟು ಸಮುದಾಯದ ಮಾನದಂಡಕ್ಕೇ ಬಂದಿದೆ. ಆದರೆ ಇಲ್ಲಿ ಜ್ಯೂರಿ ಇಲ್ಲ. ಸಮುದಾಯದ ಪರವಾಗಿ ಮಾತಾಡುವವರು ನ್ಯಾಯಾಧೀಶರೇ.