ಕಾಫಿ ಬೇಕಿತ್ತು, ಟೀ ಅಂದರು

ಮೊದಲ ದಿನ ಅವರು ನನ್ನೆದುರು ಮುಕ್ಕಾಲು ಗಂಟೆ ಮಾತಾಡಿದರು. ಎರಡು ಕಡೆ ಮಾತು ಸ್ವಲ್ಪ ತಡೆದ ಹಾಗಾಯಿತು, ಅಷ್ಟೆ. ನಾನು ಫೈಲಿನಲ್ಲಿ ‘ತೊದಲು: ಅಲ್ಪ’ ಎಂದು ಬರೆದೆ. ‘ನಿಮ್ಮ ಮಾತು ಚೆನ್ನಾಗೇ ಇದೆಯಲ್ಲ, ಸುಮ್ನೆ ಯಾಕೆ ತಲೆ ಕೆಡಿಸಿಕೊಂಡಿದ್ದೀರಿ?’ ಎಂದೂ ಕೇಳಿದೆ. ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವ ವಾಕ್ ತಜ್ಞೆ ನಾನು, ಆಗ ಈ ವೃತ್ತಿಗೆ ಬಂದು ಮೂರು ವರ್ಷ. ಅವರು ನಕ್ಕು ಎದ್ದು ಹೋದರು. ಮತ್ತೆ ಬಂದಿದ್ದು ಎಂಟು ತಿಂಗಳ ಮೇಲೆ.

ಎರಡನೇ ಸಲ ಬಂದಾಗ ಕೈಯಲ್ಲಿ ಒಂದು ಚೀಟಿ ಇತ್ತು. ಹಿಂದಿನ ದಿನ ಹೇಳಬೇಕೆಂದುಕೊಂಡು ಹೇಳದೇ ಬಿಟ್ಟ ಮಾತುಗಳನ್ನೆಲ್ಲ ಬರೆದು ತಂದಿದ್ದರು. ಇಳಿಯಬೇಕಾದ ಸ್ಟಾಪಿನ ಹೆಸರು ಬಾಯಿಗೆ ಬರಲ್ಲ ಎಂದು ಗೊತ್ತಿತ್ತು, ಅದಕ್ಕೆ ಎರಡು ಸ್ಟಾಪ್ ಮುಂದಿನದಕ್ಕೆ ಟಿಕೆಟ್ ತಗೊಂಡರು. ಮೀಟಿಂಗಿನಲ್ಲಿ ಉತ್ತರ ಗೊತ್ತಿತ್ತು, ಕೆಮ್ಮು ಬಂದವರ ಹಾಗೆ ಎದ್ದು ಹೊರಗೆ ಹೋದರು. ಅಣ್ಣನ ಫೋನ್ ಬಂತು, ಎತ್ತದೆ ‘ಆಮೇಲೆ ಮಾಡ್ತೀನಿ’ ಎಂದು ಮೆಸೇಜ್ ಹಾಕಿದರು. ದರ್ಶಿನಿಯಲ್ಲಿ ಕಾಫಿ ಬೇಕಿತ್ತು, ಟೀ ಅಂದರು. ಹೀಗೆ ಒಟ್ಟು ಹದಿನೇಳು. ‘ಹನ್ನೊಂದು ವರ್ಷದಿಂದ ಹೊರಗಡೆ ಟೀನೇ ಕುಡೀತಿದ್ದೀನಿ ಮೇಡಂ. ನಂಗೆ ಟೀ ಇಷ್ಟ ಇಲ್ಲ’ ಎಂದರು.

ಹಳೇ ಫೈಲು ತೆಗೆದು ‘ಅಲ್ಪ’ ಎಂಬ ಪದ ಹೊಡೆದು ಹಾಕಿದೆ. (ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ.)

ತೊದಲು ಅಂದರೆ ಮಗುವಿನ ತೊದಲ್ನುಡಿ ಕೂಡ ನೆನಪಾಗುತ್ತದೆ, ಅಲ್ವಾ? ಹಾಗಾಗಿ ಇಲ್ಲಿ ಉಗ್ಗು ಎನ್ನುತ್ತೇನೆ. ನೂರು ಜನರಲ್ಲಿ ಸುಮಾರು ಒಬ್ಬರಿಗೆ ಉಗ್ಗು ಇರುತ್ತದೆ. 2011ರ ಜನಗಣತಿಯ 6.11 ಕೋಟಿ ಹಿಡಿದರೂ ನಮ್ಮ ರಾಜ್ಯದಲ್ಲೇ ಆರು ಲಕ್ಷ ಜನ ಆಯಿತು. ನಿಮ್ಮ ಆಫೀಸಿನಲ್ಲಿ, ನಿಮ್ಮ ಬೀದಿಯಲ್ಲಿ ಅಷ್ಟು ಜನ ಕಾಣುತ್ತಾರಾ? ಕಾಣುವುದಿಲ್ಲ. ಇರುವವರಲ್ಲಿ ಒಂದಷ್ಟು ಜನ ನಿಮ್ಮ ಮುಂದೆ ಉಗ್ಗದಂತೆ ದಿನವಿಡೀ ಕೆಲಸ ಮಾಡುತ್ತಿರುತ್ತಾರೆ.

ಕೆಲಸ ಎಂದು ಬೇಕೆಂದೇ ಬರೆದೆ. ಉಗ್ಗುವವರಿಗೆ ಸಿಕ್ಕಿಕೊಳ್ಳುವ ಪದ ಎಷ್ಟೋ ಸಲ ಮೊದಲೇ ಗೊತ್ತಾಗುತ್ತದೆ. ದಿನಾ ಓಡಾಡುವ ರಸ್ತೆಯ ಗುಂಡಿ ಬೈಕಿನವರಿಗೆ ಗೊತ್ತಿರುವ ಹಾಗೆ. ಗುಂಡಿ ಬರುವ ಮುಂಚೆಯೇ ಹ್ಯಾಂಡಲ್ ತಿರುಗಿರುತ್ತದೆ, ಹಿಂದೆ ಕೂತವರಿಗೆ ಗುಂಡಿ ಇತ್ತೆಂದೇ ಗೊತ್ತಾಗುವುದಿಲ್ಲ.

ಈ ತಿರುಗಿಸುವ ಆಟಕ್ಕೆ ಕನ್ನಡ ತುಂಬ ಅನುಕೂಲದ ಭಾಷೆ. ಪದಗಳನ್ನು ಹಿಂದೆ ಮುಂದೆ ಮಾಡಬಹುದು. ‘ಏನಪ್ಪಾ ಅಂದ್ರೆ’, ‘ಮತ್ತೆ ಅದೇನು’ ಎಂದು ನಾಲ್ಕು ಹೆಜ್ಜೆ ಓಡಿ ಬಂದು ಕಷ್ಟದ ಪದ ಹಾರಬಹುದು. ಪಕ್ಕದಲ್ಲೇ ಇಂಗ್ಲಿಷ್ ಇದೆ, ‘ನೀರು’ ಬರದಿದ್ದರೆ ‘ವಾಟರ್’. ಹಾಗೆ ಮಾಡುತ್ತಿದ್ದ ಒಬ್ಬ ಹುಡುಗನಿಗೆ ಊರಲ್ಲಿ ‘ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಹುಚ್ಚು ಹಿಡೀತು’ ಎಂಬ ಹೆಸರು ಬಂದಿತ್ತು. ಪಾಪ, ಅವನಿಗೆ ‘ನ’ ಹೇಳಲಾಗುತ್ತಿರಲಿಲ್ಲ. ಇನ್ನು ‘ಗುರು’, ‘ಮಗಾ’, ‘ಅಣ್ಣಾ’ ಇದ್ದರೆ ಯಾರ ಹೆಸರೂ ಹೇಳಬೇಕಿಲ್ಲ. ಎಲ್ಲರನ್ನೂ ‘ಮಗಾ’ ಎನ್ನುವ ನಿಮ್ಮ ಗೆಳೆಯ ಜಾಲಿ ಮನುಷ್ಯನೇ ಇರಬಹುದು. ಇಲ್ಲದೆಯೂ ಇರಬಹುದು.

ತಪ್ಪಿಸಲಾಗದ ಪದ ಒಂದೇ, ಸ್ವಂತ ಹೆಸರು. ಅದಕ್ಕೆ ಬದಲಿ ಪದ ಇಲ್ಲ. ಜೊತೆಗೆ ‘ಹೆಸರು ಹೇಳೋಕೂ ಯೋಚನೆ ಮಾಡಬೇಕಾ?’ ಎಂಬ ನಗು ಬೇರೆ. ಟ್ರೈನಿಂಗಿನಲ್ಲಿ ‘ಒಬ್ಬೊಬ್ಬರಾಗಿ ಪರಿಚಯ ಹೇಳಿ’ ಎಂದಾಗ ಇವರು ತಮಗಿಂತ ಮುಂಚೆ ಎಷ್ಟು ಕುರ್ಚಿ ಇವೆ ಎಂದು ಎಣಿಸುತ್ತಿರುತ್ತಾರೆ. ಉಳಿದವರು ಹೇಳಿದ್ದು ಒಂದೂ ಕಿವಿಗೆ ಬಿದ್ದಿರುವುದಿಲ್ಲ.

ಫೋನು ಸ್ಮಾರ್ಟ್ ಆದ ಮೇಲೆ ಅಡಗುವುದು ಇನ್ನೂ ಸುಲಭವಾಗಿದೆ. ಊಟಕ್ಕೆ ಆ್ಯಪ್, ಮೆಟ್ರೋಗೆ ಕ್ಯೂಆರ್, ಆಟೋಗೂ ಆ್ಯಪ್. ಬೆಂಗಳೂರಿನಲ್ಲಿ ಬಾಯಿ ಬಿಡದೆ ಇಡೀ ವಾರ ಕಳೆಯಬಹುದು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಆದಾಗ ನನ್ನ ಬಳಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಗೆ ದುಡ್ಡಿಗಿಂತ ಜಾಸ್ತಿ ಬೇರೆಯದೇ ಖುಷಿ, ಇನ್ನು ಟಿಕೆಟ್ ಕೇಳಬೇಕಿಲ್ಲ ಎಂದು. ಆದರೆ ಶೂನ್ಯ ಟಿಕೆಟ್ ಹರಿಯಲೂ ಕಂಡಕ್ಟರ್ ‘ಎಲ್ಲಿಗಮ್ಮಾ?’ ಎಂದು ಕೇಳೇ ಕೇಳುತ್ತಾರೆ.

ತಪ್ಪಿಸಿಕೊಂಡರೆ ನಷ್ಟ ಏನು? ಟೀ ತಾನೇ, ಕುಡಿದರಾಯಿತು. ನಷ್ಟ ಆಗುವುದು ಹೀಗೆ: ‘ಟೀ’ ಅಂದ ಕ್ಷಣ ಎದೆ ಹಗುರಾಗುತ್ತದೆ. ಆ ಹಗುರವೇ ಬಹುಮಾನ. ‘ತಪ್ಪಿಸಿಕೊಂಡಿದ್ದಕ್ಕೆ ಬದುಕಿದೆ, ಆ ಪದ ನಿಜಕ್ಕೂ ಅಪಾಯದ್ದು’ ಎಂದು ಮಿದುಳು ಪಾಠ ಕಲಿಯುತ್ತದೆ. ನಾಳೆ ‘ಕಾಫಿ’ ಜೊತೆ ‘ಕಾರು’ ಸೇರುತ್ತದೆ. ಆಮೇಲೆ ‘ಕ’ ಇರುವ ಊರು, ‘ಕ’ ಇರುವ ಜನ. ಉಗ್ಗು ಕಾಣುವುದು ಕಡಿಮೆಯಾಗುತ್ತಾ ಹೋಗುತ್ತದೆ, ಹೆದರಿಕೆ ದಪ್ಪವಾಗುತ್ತಾ ಹೋಗುತ್ತದೆ.

ಸ್ವತಃ ಉಗ್ಗುತ್ತಿದ್ದ ಅಮೆರಿಕದ ಮನೋವಿಜ್ಞಾನಿ ಜೋಸೆಫ್ ಶೀಹನ್ ಇದನ್ನು ಸಮುದ್ರದಲ್ಲಿ ತೇಲುವ ಹಿಮಗಡ್ಡೆಗೆ ಹೋಲಿಸಿದ್ದರು. ಮೇಲೆ ಕಾಣುವುದು ಸ್ವಲ್ಪ, ನಾಚಿಕೆ, ಹೆದರಿಕೆಯೆಲ್ಲ ನೀರಿನ ಕೆಳಗೆ. ನಾವೆಲ್ಲ ಓದುವಾಗ ಕಲಿಯುವ ಹೋಲಿಕೆ ಅದು. ನಮ್ಮ ಕಡೆ ಹಿಮಗಡ್ಡೆ ನೋಡಿದವರು ಯಾರು? ನಾನು ಸುವರ್ಣಗೆಡ್ಡೆ ಎನ್ನುತ್ತೇನೆ. ಗೆಡ್ಡೆ ಬಲಿಯುವ ಹೊತ್ತಿಗೆ ಮೇಲಿನ ಎಲೆ ಒಣಗಿ ಬಿದ್ದಿರುತ್ತದೆ. ಹಿತ್ತಲು ಖಾಲಿ ಕಾಣುತ್ತದೆ. ಅಗೆದರೆ ಐದು ಕಿಲೋ. ನಾನು ಫೈಲಿನಲ್ಲಿ ‘ಅಲ್ಪ’ ಎಂದು ಬರೆದಿದ್ದು ಖಾಲಿ ಹಿತ್ತಲು ನೋಡಿಯೇ.

ಒಂದು ಮಾತು ಮನೆಯವರಿಗೆ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಬಹಳಷ್ಟು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಆರು ತಿಂಗಳು ದಾಟಿದರೆ, ಅಥವಾ ಮನೆತನದಲ್ಲಿ ಉಗ್ಗು ಇದ್ದರೆ, ವಾಕ್ ತಜ್ಞರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ. ಉಗ್ಗು ಹೆದರಿಕೆಯಿಂದ ಹುಟ್ಟುವುದಲ್ಲ, ಮಾತಿನ ಸಮಯ ಕೂಡಿಸುವ ಮಿದುಳಿನ ವ್ಯವಸ್ಥೆಯ ವ್ಯತ್ಯಾಸ ಅದು. ವಂಶವಾಹಿಯ ಪಾಲೂ ಇದೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ, ಬಾಯಲ್ಲಿ ಕಲ್ಲು ಇಟ್ಟುಕೊಂಡು ಓದಿಸಿದರೆ ಹೋಗುವುದಿಲ್ಲ. ‘ಹಾಡುವಾಗ ಬರುತ್ತೆ, ಮಾತಾಡುವಾಗ ಯಾಕಿಲ್ಲ? ನಾಟಕ’ ಎಂದು ಗದರಿಸುವವರನ್ನು ನೋಡಿದ್ದೇನೆ. ಹಾಡಿನಲ್ಲಿ ತಾಳ ಹೊರಗಿನಿಂದ ಸಿಗುತ್ತದೆ, ಮಾತಿನಲ್ಲಿ ನಾವೇ ಹಾಕಿಕೊಳ್ಳಬೇಕು. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಪದ್ಯ ಹೇಳುವಾಗಲೂ ಉಗ್ಗು ಮಾಯವಾಗುತ್ತದೆ. ‘ನಿಧಾನ, ಉಸಿರು ತಗೊಂಡು ಹೇಳು’ ಎನ್ನುವುದು ಒಳ್ಳೆಯ ಮನಸ್ಸಿನಿಂದಲೇ. ಮಗುವಿಗೆ ಕೇಳಿಸುವುದು ಮಾತ್ರ ‘ಇದು ಯಾರಿಗೂ ಕಾಣಬಾರದು’ ಎಂದು. ಬಚ್ಚಿಡುವುದು ಅಲ್ಲಿಂದಲೇ ಶುರು.

ಸರಿ, ಆ ಹದಿನೇಳು ಮಾತಿನ ಚೀಟಿಯವರ ವಿಷಯಕ್ಕೆ ಬರೋಣ. ಅವರು ಬಂದಿದ್ದು ಉಗ್ಗು ಬಿಡಿಸಿಕೊಳ್ಳಲು. ನಾನು ಹೇಳಿದ್ದು, ‘ನೀವು ಬೇಕೆಂದೇ ಉಗ್ಗಬೇಕು, ಅದೂ ಬೇರೆಯವರ ಮುಂದೆ.’ ಅವರ ಮುಖ ನೋಡಬೇಕಿತ್ತು. ಇದು ನನ್ನ ಹೊಸ ಉಪಾಯವಲ್ಲ, ಹಳೇ ಚಿಕಿತ್ಸೆ. ಇಷ್ಟು ದಿನ ಓಡಿದ್ದು ಯಾವುದರಿಂದಲೋ ಅದನ್ನು ತಾವಾಗಿ ಬಾಯಿಗೆ ತಂದುಕೊಂಡಾಗ ಅದರ ಹಿಡಿತ ಸಡಿಲವಾಗುತ್ತದೆ. ಸಿಕ್ಕಿಕೊಂಡಾಗ ಗಂಟಲು ಬಿಗಿದು ತಳ್ಳುವ ಬದಲು ಅಲ್ಲೇ ನಿಂತು, ಬಿಗಿ ಬಿಟ್ಟು, ಪದವನ್ನು ಮೆಲ್ಲಗೆ ಜಾರಿಸಿ ಮುಗಿಸುವುದು ಆಮೇಲಿನ ಪಾಠ. ಅಡಗಿರುವ ಉಗ್ಗಿಗೆ ಆ ಪಾಠ ಮೊದಲೇ ಹೇಳಿಕೊಟ್ಟರೆ ಉಪಯೋಗವಿಲ್ಲ. ಬಾಯಿಗೇ ಬರದಿದ್ದನ್ನು ಸಡಿಲಿಸುವುದು ಹೇಗೆ?

ಕ್ಲಿನಿಕ್ಕಿನ ಕೆಳಗೇ ಒಂದು ದರ್ಶಿನಿ. ಮೊದಲು ನಾನೇ ಹೋದೆ. ಕ್ಯಾಷಿಯರ್ ಕಣ್ಣು ನೋಡುತ್ತಾ ‘ಕ್ಕ್ಕ್…ಕಾಫಿ’ ಎಂದೆ. ಹೇಳಿಕೊಡುವವಳು ನಾನು, ಆದರೂ ಕಿವಿ ಬಿಸಿಯಾಯಿತು. ಹಿಂದೆ ನಿಂತವರು ಏನೆಂದುಕೊಂಡರೋ ಎಂದು ಒಂದು ಕ್ಷಣ ಅನಿಸಿತು. ಆ ಒಂದು ಕ್ಷಣವನ್ನು ಇವರು ಹನ್ನೊಂದು ವರ್ಷದಿಂದ ಹೊತ್ತಿದ್ದಾರಲ್ಲ ಎಂದು ಹೊಳೆದಿದ್ದು ಆಗಲೇ.

ಅವರು ಮೂರು ಸಲ ಸಾಲಿನಿಂದ ಹೊರಬಂದರು. ನಾಲ್ಕನೇ ಸಲ ಹೋದರು. ಬೇಕೆಂದು ಉಗ್ಗಲು ಹೋಗಿ ನಿಜಕ್ಕೂ ಸಿಕ್ಕಿಕೊಂಡರು. ದನಿಯೇ ಹೊರಡದೆ ದವಡೆ ಬಿಗಿಯಿತು. ಗಡಿಯಾರ ನೋಡಿದ್ದರೆ ಮೂರು ಸೆಕೆಂಡ್ ಇರಬಹುದು. ಕೊನೆಗೆ ‘ಕಾಫಿ’ ಬಂತು.

ಕ್ಯಾಷಿಯರ್ ತಲೆ ಎತ್ತಲೇ ಇಲ್ಲ. ‘ಒಂದಾ, ಎರಡಾ? ಚಿಲ್ರೆ ಕೊಡಿ’ ಎಂದ.

ಅವರು ಇವತ್ತಿಗೂ ಉಗ್ಗುತ್ತಾರೆ. ಆ ಮೊದಲ ದಿನಕ್ಕಿಂತ ಜಾಸ್ತಿಯೇ. ಎಣಿಸಿ ನೋಡಿದರೆ ನನ್ನ ಚಿಕಿತ್ಸೆಯಿಂದ ಹಾಳಾದರು ಎನ್ನಬೇಕು. ಆದರೆ ನಾನು ಎಣಿಸುವುದು ಈಗ ಚೀಟಿಯನ್ನು. ಹದಿನೇಳು ಇದ್ದದ್ದು ಹೋದ ತಿಂಗಳು ನಾಲ್ಕಕ್ಕೆ ಬಂದಿತ್ತು.

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದಿರಲಿಲ್ಲ. ಹೆಸರು ‘ಪ’ದಿಂದ ಶುರು. ‘ಏಯ್, ಇಲ್ನೋಡು’ ಎನ್ನುವುದು ನಮ್ಮ ಮನೆಗಳಲ್ಲಿ ಮಾಮೂಲಿ, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಒಂದು ಸಂಜೆ ಬಾಗಿಲಲ್ಲಿ ನಿಂತು ಹೆಸರು ಕರೆದರಂತೆ, ಎರಡು ಸಲ ತಡೆದು, ಮೂರನೇ ಸಲಕ್ಕೆ ಪೂರ್ತಿ. ಆಕೆ ಒಲೆ ಆರಿಸಿ, ಗಾಬರಿಯಾಗಿ ಹೊರಗೆ ಓಡಿ ಬಂದರಂತೆ. ‘ಯಾಕ್ರೀ, ಏನಾಯ್ತು?’