ಎಲೆಯ ಮೇಲಿನ ಕಲೆ ಯಾವ ಕೀಟದ್ದು?

ಬೀ ಬಾಮ್ ಎಂದು ಕರೆಸಿಕೊಳ್ಳುವ ಮೊನಾರ್ಡಾ ಉತ್ತರ ಅಮೆರಿಕ ಮೂಲದ ಬಹುವಾರ್ಷಿಕ ಹೂಗಿಡ. ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದ ಇದರ ಎಲೆಯನ್ನು ಹಿಸುಕಿದರೆ ಮೂಗಿಗೆ ಬಡಿಯುವ ಘಾಟು ಥೈಮಾಲ್ ಮೊದಲಾದ ತೈಲಾಂಶಗಳದ್ದು. ಆ ಘಾಟಿಗೆ ಹಲವು ಕೀಟಗಳು ಹಿಮ್ಮೆಟ್ಟುತ್ತವಾದರೂ ಕೆಲವಕ್ಕೆ ಅದು ಲೆಕ್ಕಕ್ಕೇ ಇಲ್ಲ. ಅಂಥವುಗಳ ನಿಯಂತ್ರಣ ಕಷ್ಟವಾಗುವುದು ಔಷಧಿಯ ಕೊರತೆಯಿಂದಲ್ಲ, ಗುರುತಿಸುವುದರಲ್ಲಿ ಆಗುವ ಎಡವಟ್ಟಿನಿಂದ.

ಅತಿ ಹೆಚ್ಚು ಮೋಸಗೊಳಿಸುವುದು ನಾಲ್ಕು ಗೆರೆಗಳ ಸಸ್ಯತಿಗಣೆ. ಸುಮಾರು 7 ಮಿಲಿಮೀಟರ್ ಉದ್ದದ, ಹಳದಿ ಮಿಶ್ರಿತ ಹಸಿರು ಬೆನ್ನಿನ ಮೇಲೆ ನಾಲ್ಕು ಕಪ್ಪು ಗೆರೆಗಳಿರುವ ಈ ಕೀಟವೂ, ಕೆಂಬಣ್ಣದ ಅದರ ಮರಿಗಳೂ ಎಳೆಯ ಎಲೆಗೆ ಸೂಜಿಯಂಥ ಬಾಯಿ ಚುಚ್ಚಿ, ಜೊಲ್ಲಿನಿಂದ ಜೀವಕೋಶಗಳನ್ನು ಕರಗಿಸಿ ಹೀರುತ್ತವೆ. ಚುಚ್ಚಿದಲ್ಲೆಲ್ಲ ಒಂದೇ ಅಳತೆಯ, ದುಂಡಗಿನ, ತುಸು ತಗ್ಗಾದ ಕಪ್ಪು ಚುಕ್ಕೆಗಳು ಮೂಡಿ, ಕೆಲವು ದಿನಗಳಲ್ಲಿ ಒಣಗಿ ತೂತಾಗುತ್ತವೆ. ನೆರಳು ಕಂಡರೂ ಸಾಕು, ಕೀಟ ಎಲೆಯಡಿಗೆ ಸರಿದುಬಿಡುವುದರಿಂದ ನೋಡುವವರ ಕಣ್ಣಿಗೆ ಚುಕ್ಕೆಗಳಷ್ಟೇ ಉಳಿಯುತ್ತವೆ. ಅದನ್ನು ಎಲೆಚುಕ್ಕೆ ರೋಗವೆಂದು ಬಗೆದು ಶಿಲೀಂಧ್ರನಾಶಕ ಸಿಂಪಡಿಸುವವರೇ ಹೆಚ್ಚು. ವರ್ಷಕ್ಕೆ ಒಂದೇ ತಲೆಮಾರು ಇರುವ ಈ ತಿಗಣೆ ಬೇಸಿಗೆಯ ನಡುವಿಗೆ ಬರುವಷ್ಟರಲ್ಲಿ ತಾನಾಗಿ ಮರೆಯಾಗುತ್ತದೆ, ಆಗ ಔಷಧಿ ಕೆಲಸ ಮಾಡಿತೆಂಬ ಭ್ರಮೆ ಬೇರೆ! ವಸಂತದಲ್ಲಿ ಚಿಗುರುವ ಹೊತ್ತಿಗೆ ಕೆಂಪು ಮರಿಗಳನ್ನು ಹುಡುಕಿ ಸಾಬೂನು ನೀರಿಗೆ ಕೆಡವುವುದು ಇದಕ್ಕಿರುವ ಸರಳ ಉಪಾಯ. ಮೊಟ್ಟೆಗಳು ಚಳಿಗಾಲವನ್ನು ಕಾಂಡದ ಸೀಳುಗಳಲ್ಲಿ ಕಳೆಯುವುದರಿಂದ ಒಣಕಾಂಡಗಳನ್ನು ಕತ್ತರಿಸಿ ನಾಶಮಾಡುವ ರೂಢಿಯೂ ಇದೆ. ಆದರೆ ಅಂಥ ಕಾಂಡಗಳಲ್ಲೇ ಒಂಟಿ ಜೇನ್ನೊಣಗಳೂ ಗೂಡು ಮಾಡುವುದರಿಂದ, ಹಿಂದಿನ ವರ್ಷ ಹಾವಳಿ ಜೋರಾಗಿದ್ದರಷ್ಟೇ ಕತ್ತರಿ ಹಿಡಿಯುವುದು ಲೇಸೆಂದು ನನ್ನ ಎಣಿಕೆ.

ಬಿಸಿಲು ಏರಿ ಮಣ್ಣು ಒಣಗುವ ದಿನಗಳಲ್ಲಿ ನುಸಿಗಳ ಸರದಿ. ಎಂಟು ಕಾಲಿನ, ಅರ್ಧ ಮಿಲಿಮೀಟರನ್ನೂ ಮೀರದ ಈ ಜೀವಿಗಳು ಪತ್ರಹರಿತ್ತನ್ನು ಹೀರಿದಂತೆ ಎಲೆ ಮಂಕಾಗಿ, ಮೈತುಂಬ ಬಿಳಿ ಚುಕ್ಕಿ ಎರಚಿದಂತೆ ಕಾಣುತ್ತದೆ. ಹಾವಳಿ ಮಿತಿಮೀರಿದರೆ ತೆಳು ಬಲೆಯೂ ಹಬ್ಬುತ್ತದೆ. ಎಲೆಯಡಿ ಬಿಳಿ ಕಾಗದ ಹಿಡಿದು ಕೊಂಬೆಯನ್ನು ಮೆಲ್ಲಗೆ ಬಡಿದಾಗ ಉದುರುವ ಪುಡಿಯಲ್ಲಿ ಕೆಲವು ಕಣಗಳು ನಡೆಯತೊಡಗಿದರೆ ಅನುಮಾನ ಬೇಡ. ನುಸಿ ಕೀಟವಲ್ಲ, ಜೇಡದ ಬಳಗದ್ದು. ಹೀಗಾಗಿ ಸಾಮಾನ್ಯ ಕೀಟನಾಶಕಗಳಲ್ಲಿ ಹಲವು ಅದನ್ನು ಕೊಲ್ಲದೆ, ಅದನ್ನು ತಿನ್ನುವ ಪರಭಕ್ಷಕಗಳನ್ನು ಮಾತ್ರ ಕೊಂದು, ಹಾವಳಿಯನ್ನು ಇಮ್ಮಡಿಗೊಳಿಸುತ್ತವೆ. ಬುಡಕ್ಕೆ ತಪ್ಪದೆ ನೀರು, ಎಲೆಯಡಿಗೆ ಕೆಲವು ದಿನಗಳಿಗೊಮ್ಮೆ ರಭಸದ ನೀರಿನ ಧಾರೆ ಕೊಟ್ಟರೆ ಅರ್ಧ ಸಮಸ್ಯೆ ತೊಳೆದುಹೋದಂತೆ.

ಗಿಡಹೇನುಗಳಿಗೂ ಇದೇ ಧಾರೆ ಸಾಕು. ಬೇಸಿಗೆಯಲ್ಲಿ ಗಂಡಿನ ನೆರವಿಲ್ಲದೆ ಹೆಣ್ಣುಗಳು ನೇರವಾಗಿ ಮರಿ ಹಾಕುವುದರಿಂದ ಅವು ಚಿಗುರಿನಲ್ಲಿ ದಿಢೀರನೆ ಮುತ್ತಿಕೊಳ್ಳುತ್ತವೆ. ಸಾರಜನಕದ ಗೊಬ್ಬರ ಹೆಚ್ಚಾದ ಗಿಡ ಅವಕ್ಕೆ ಇನ್ನೂ ಇಷ್ಟ. ಹೇನುಗಳ ನಡುವೆ ಉಬ್ಬಿ ಕಂದಾದ ಒಣಚಿಪ್ಪುಗಳು ಕಂಡರೆ ಹಾಗೇ ಬಿಡಬೇಕು, ಏಕೆಂದರೆ ಅವುಗಳೊಳಗೆ ಪರಾವಲಂಬಿ ಕಣಜದ ಮರಿಗಳು ಬೆಳೆಯುತ್ತಿರುತ್ತವೆ. ಥ್ರಿಪ್ಸ್ ಎಂಬ ರಸ ಹೀರುವ ಕಿರುಕೀಟ ಬಂದಿದ್ದರೆ ದಳಗಳ ಮೇಲೆ ಬೆಳ್ಳಿಯಂಥ ಗೀರುಗಳೂ ಕಪ್ಪು ಹಿಕ್ಕೆಯ ಚುಕ್ಕಿಗಳೂ ಇರುತ್ತವೆ. ಬೆರಳಿನಿಂದ ಒರೆಸಿದರೆ ಬರುವ ಬಿಳಿಪುಡಿ ಮಾತ್ರ ಬೂದಿರೋಗ. ಈ ಗಿಡಕ್ಕೆ ಅದು ತೀರ ಸಾಮಾನ್ಯವಾದರೂ ಶಿಲೀಂಧ್ರದ ಕೆಲಸವಾದ್ದರಿಂದ ಅಲ್ಲಿ ಕೀಟನಾಶಕ ದಂಡ.

ನೀರಿಗೆ ಜಗ್ಗದಿದ್ದಾಗ ಕೀಟನಾಶಕ ಸಾಬೂನನ್ನು ಬಳಸಬಹುದು. ಮೈಗೆ ತಗುಲಿದರಷ್ಟೇ ಕೊಲ್ಲುವ, ಒಣಗಿದ ಮೇಲೆ ನಿರುಪಯುಕ್ತವಾಗುವ ಈ ದ್ರಾವಣವನ್ನು ಜೇನ್ನೊಣಗಳು ಗೂಡು ಸೇರಿದ ಸಂಜೆಯಲ್ಲಿ, ಅರಳಿದ ಹೂಗಳನ್ನು ಬಿಟ್ಟು, ಎಲೆಯ ಅಡಿಭಾಗ ತೋಯುವಂತೆ ಸಿಂಪಡಿಸಬೇಕು. ಬೇರಿನಿಂದ ಹೀರಲ್ಪಟ್ಟು ಗಿಡದ ತುಂಬ ಹರಡುವ ನಿಯೋನಿಕೋಟಿನಾಯ್ಡ್ ಕೀಟನಾಶಕಗಳಿಗೆ ಸಂಜೆಯೆಂಬ ವ್ಯತ್ಯಾಸವಿಲ್ಲ. ಅವು ಮಕರಂದ, ಪರಾಗಗಳನ್ನೂ ಸೇರುವುದರಿಂದ ಈ ಗಿಡಕ್ಕೆ ಅವನ್ನು ಸೋಕಿಸಲೇಬಾರದು.