‘ಬೈ’ ಅಂದ್ರೆ ‘ಇಂದ’ ಅಲ್ವಾ ಸಾರ್?

ಪ್ರಶ್ನೆ: ಇಂಗ್ಲಿಷಿನ ‘ಬೈ’ (by) ಅಂದರೆ ‘ಇಂದ’ ಅಂತ ಸ್ಕೂಲಲ್ಲಿ ಕಲಿತಿದ್ದೇವೆ. ಅರ್ಜಿಯಲ್ಲಿ ‘ಸಬ್‌ಮಿಟ್ ಬೈ ಮಂಡೇ’ ಅಂತಿದೆ. ಸೋಮವಾರದಿಂದ ಕೊಡಬೇಕಾ, ಸೋಮವಾರದ ಒಳಗೆ ಕೊಡಬೇಕಾ?

ಸೋಮವಾರದ ಒಳಗೆ. ಸೋಮವಾರವೂ ಸೇರುತ್ತದೆ, ಮಂಗಳವಾರ ಹೋದರೆ ಕೆಲಸ ಕೆಟ್ಟಿತು. ಪಕ್ಕದಲ್ಲಿ ‘5 ಪಿಎಂ’ ಅಂತ ಬರೆದಿದ್ದರೆ ಸೋಮವಾರ ಸಂಜೆ ಐದಕ್ಕೆ ಮುಗಿಯಿತು. ‘ಬಿಫೋರ್ ಮಂಡೇ’ ಅಂತಿದ್ದರೆ ಮಾತ್ರ ಭಾನುವಾರವೇ ಕೊನೆ.

ಉತ್ತರ ಇಷ್ಟೇ. ಆದರೆ ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ತಿರುಗಿ ಬರುತ್ತದೆ. ಕಾರಣ, ‘ಬೈ ಅಂದರೆ ಇಂದ’ ಅನ್ನೋದು ತಲೆಯಲ್ಲಿ ಬೇರು ಬಿಟ್ಟಿದೆ. ಇವತ್ತು ಅದನ್ನು ಬುಡಸಮೇತ ಕೀಳೋಣ.

ಅದು ಹುಟ್ಟಿದ್ದು ವ್ಯಾಕರಣದ ಪೀರಿಯಡ್ಡಲ್ಲಿ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ಕರ್ಮಣಿ ಪ್ರಯೋಗ ಬರೆಸಿ, ಎದುರಿಗೆ ‘ಕಿಲ್ಡ್ ಬೈ ರಾಮ’ ಅಂತ ಬರೆಸುತ್ತಾರೆ. ಆ ಒಂದು ವಾಕ್ಯದಲ್ಲಿ ಲೆಕ್ಕ ಸರಿಹೋಗುತ್ತದೆ. ಆದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡಲ್ಲ, ‘ರಾವಣನ್ನ ಕೊಂದಿದ್ದು ರಾಮ’ ಅಂತೀವಿ. ‘ಇಂದ’ ಅಲ್ಲೇ ಮಾಯ.

ಈಗ ನಮ್ಮ ‘ಇಂದ’ವನ್ನೇ ಹಿಡಿದು ನೋಡಿ. ‘ಕೋಲಾರದಿಂದ ಬಂದೆ’ ಅಂದರೆ ಫ್ರಮ್. ‘ಮಚ್ಚಿನಿಂದ ಕಡಿದ’ ಅಂದರೆ ವಿತ್. ‘2019ರಿಂದ ಇಲ್ಲಿದ್ದೀನಿ’ ಅಂದರೆ ಸಿನ್ಸ್. ‘ಎರಡು ವರ್ಷದಿಂದ ಇದ್ದೀನಿ’ ಅಂದರೆ ಫಾರ್. ‘ಜ್ವರದಿಂದ ಸತ್ತ’ ಅಂದರೆ ಆಫ್. ‘ನನ್ನಿಂದ ಆಗಲ್ಲ’ ಅನ್ನೋದಕ್ಕೆ ‘ಐ ಕಾಂಟ್’ ಅಂದರೆ ಸಾಕು. ಆರು ವಾಕ್ಯದಲ್ಲಿ ಒಂದಕ್ಕೂ ‘ಬೈ’ ಬೇಡ!

ತಿರುವಿ ಹಾಕಿದರೂ ಅಷ್ಟೇ. ‘ಕೇಮ್ ಬೈ ಬಸ್’ ಅಂದರೆ ‘ಬಸ್ಸಲ್ಲಿ ಬಂದೆ’. ‘ಬಸ್ಸಿನಿಂದ’ ಇಳಿಯಬಹುದು, ಬಸ್ಸಿನಿಂದ ಊರಿಗೆ ಬರಲಾಗದು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮನೆಯಲ್ಲಿ ತೆಲುಗು ಆಡುವವರೂ ಇದನ್ನೇ ಪರೀಕ್ಷೆ ಮಾಡಿ: ‘ಬಸ್ಸುಲೋ’ ಅಂತೀರಿ, ‘ಸೋಮವಾರಂ ಲೋಪಲ’ ಅಂತೀರಿ. ನಿಮ್ಮ ಎರಡು ಭಾಷೆಯೂ ಸರಿ ಉತ್ತರ ಕೊಡುತ್ತಿವೆ. ತಪ್ಪು ಹೇಳುತ್ತಿರೋದು ಬಾಯಿಪಾಠ.

ಹಾಗಾದರೆ ‘ಬೈ’ನ ಮೂಲ ಅರ್ಥ ಏನು? ಪಕ್ಕ, ಹತ್ತಿರ. ಕಣ್ಣೆದುರಿಗೇ ಇದೆಯಲ್ಲ, ಬೈಪಾಸ್. ಬೆಂಗಳೂರಿಂದ ಮುಳಬಾಗಿಲಿಗೆ ಹೋಗುವ ಬಸ್ಸು ಕೋಲಾರದ ಒಳಗೆ ಬರದೆ, ಊರ ಪಕ್ಕದಲ್ಲೇ ಹಾದುಹೋಗುವ ದಾರಿ ಅದು. ‘ಸಿಟ್ ಬೈ ಮಿ’ ಅಂದರೆ ನನ್ನ ಪಕ್ಕ ಕೂತ್ಕೋ. ತಾರೀಕಿನ ವಿಷಯದಲ್ಲೂ ಅಷ್ಟೇ, ಆ ದಿನದ ಪಕ್ಕಕ್ಕೆ ಬಂದು ನಿಲ್ಲಬಹುದು, ದಾಟುವ ಹಾಗಿಲ್ಲ.

ದುಡ್ಡಿಗೆ ಪೆಟ್ಟು ಬೀಳೋದು ಇನ್ನೊಂದು ಕಡೆ. ಟೊಮೆಟೊ 15 ಕೆಜಿ ಬಾಕ್ಸು 500 ರೂಪಾಯಿ ಇತ್ತು ಅಂತಿಟ್ಟುಕೊಳ್ಳಿ. ‘ಫೆಲ್ ಬೈ 200’ ಅಂದರೆ 200 ಇಳಿಯಿತು, ಈಗ 300. ‘ಫೆಲ್ ಟು 200’ ಅಂದರೆ 200ಕ್ಕೆ ಇಳಿಯಿತು. ಕನ್ನಡದಲ್ಲಿ ಒಂದು ‘ಕ್ಕೆ’, ಇಂಗ್ಲಿಷಿನಲ್ಲಿ ಒಂದು ‘ಟು’. ದರದ ಮೆಸೇಜನ್ನು ತಪ್ಪಾಗಿ ಓದಿಕೊಂಡರೆ ನೂರು ಬಾಕ್ಸಿಗೆ ಹತ್ತು ಸಾವಿರದ ವ್ಯತ್ಯಾಸ.

‘ಬೈ’ಗೂ ವಾಹನದ ಹೆಸರಿಗೂ ನಡುವೆ ‘ಎ’, ‘ಮೈ’ ಏನೂ ಸೇರಿಸಬೇಡಿ: ‘ಬೈ ಬೈಕ್’ ಸರಿ, ‘ಬೈ ಮೈ ಬೈಕ್’ ತಪ್ಪು, ‘ಆನ್ ಮೈ ಬೈಕ್’ ಅನ್ನಿ. ‘ಬೈ ವಾಕ್’ ಅಂತೂ ಇಂಗ್ಲಿಷೇ ಅಲ್ಲ, ‘ಆನ್ ಫುಟ್’. ಕೇಜಿ ಲೆಕ್ಕದಲ್ಲಿ ಮಾರಿದರೆ ಮಾತ್ರ ‘ದಿ’ ಬೇಕೇ ಬೇಕು: ‘ಬೈ ದಿ ಕಿಲೋ’.

ಒನ್ ಬೈ ಟು ಕಾಫಿಯಲ್ಲಿ ‘ಬೈ’ ಭಾಗಾಕಾರ, 30 ಬೈ 40 ಸೈಟಿನಲ್ಲಿ ಗುಣಾಕಾರ, ಅದು ಹೇಗೆ? ಭಾಗಿಸುವ ಕೆಲಸ ‘ಬೈ’ನದ್ದಲ್ಲ, ‘ಡಿವೈಡೆಡ್’ ಅನ್ನೋ ಪದದ್ದು. ನಾವು ಆ ಪದ ನುಂಗಿ ‘ಬೈ’ ಮಾತ್ರ ಉಳಿಸಿಕೊಂಡಿದ್ದೀವಿ. ಸೈಟಿನಲ್ಲಿ ಅದು ಒಂದು ಅಳತೆಯ ಪಕ್ಕ ಇನ್ನೊಂದು ಅಳತೆ ಇಡುತ್ತದೆ. ಗುಣಿಸಿ 1,200 ಚದರಡಿ ಅಂತ ಲೆಕ್ಕ ಹಾಕೋದು ನಾವು.

ಹೊರಡುವಾಗ ಕೈ ಬೀಸಿ ಹೇಳುವ ‘ಬೈ’ ಇದರ ನೆಂಟನೇ ಅಲ್ಲ. ಅದು ‘ಗುಡ್‌ಬೈ’ನ ಬಾಲ, ‘ಗಾಡ್ ಬಿ ವಿತ್ ಯು’ ಅನ್ನೋದು ಸವೆದು ಸವೆದು ಆದದ್ದು. ಕ್ರಿಕೆಟ್ಟಿನ ಬೈ ರನ್ನಿಗೆ ಸ್ಪೆಲಿಂಗ್‌ನಲ್ಲಿ ‘ಗುಡ್‌ಬೈ’ನ ಹಾಗೇ ಕೊನೆಗೊಂದು ‘ಇ’ ಅಕ್ಷರ (bye) ಇದ್ದರೂ ಅದು ನಮ್ಮ ‘ಪಕ್ಕ’ದ ಬಳಗದ್ದೇ. ಚೆಂಡು ಬ್ಯಾಟಿಗೂ ಮೈಗೂ ತಾಗದೆ ಪಕ್ಕದಲ್ಲಿ ದಾಟಿ ಹೋದಾಗ ಓಡಿ ತೆಗೆದ ರನ್ನು. ಕಬಡ್ಡಿ ಟೂರ್ನಮೆಂಟಲ್ಲಿ ‘ಬೈ ಸಿಕ್ತು’ ಅಂತ ಒಂದು ಟೀಮು ಆಡದೇ ಮುಂದಿನ ಸುತ್ತಿಗೆ ಹೋಗುತ್ತದಲ್ಲ, ಅದೂ ಈ ಬಳಗದ್ದೇ.